ಕೆ.ಬಿ. ಮೂರ್ತಿ

ಕೆ.ಬಿ. ಎಂಬುದು ಅವರ ಇನಿಷಿಯಲ್ ಅಲ್ಲ. ಊರು ಕೋಲಾರವಲ್ಲ, ತಂದೆ ಭೀಮರಾಯರೂ ಅಲ್ಲ. ಯಾವ ವೆಬ್‌ಸೈಟ್ ತೋರಿಸಿದರೂ "ಪುಟ ಎಷ್ಟು ಕೆಬಿ?" ಎಂದೇ ಮೊದಲು ಕೇಳುತ್ತಾರಾದ್ದರಿಂದ ಬಡಾವಣೆಯವರು ಕೊಟ್ಟ ಬಿರುದು. ಇಂಥವರು ಬೆಂಗಳೂರಿನ ಬಡಾವಣೆಗೊಬ್ಬರಂತೆ ಇದ್ದೇ ಇರುತ್ತಾರೆ: ಸಾಫ್ಟ್‌ವೇರ್ ಕೆಲಸ, ಬಾಲ್ಕನಿಯಲ್ಲಿ ಗೊಬ್ಬರದ ಡಬ್ಬ, ಹೆಗಲಿಗೆ ಬಟ್ಟೆಯ ಚೀಲ. ತರಕಾರಿಯವನು ಪ್ಲಾಸ್ಟಿಕ್ ಕವರ್ ತೆಗೆದರೆ ರೇಗುವವರು ಬೇಕಾದಷ್ಟು ಮಂದಿ. ಮೂರ್ತಿ ರೇಗುವುದು ಮೊಬೈಲಿನಲ್ಲಿ ತೆರೆದುಕೊಳ್ಳುವ ಪುಟಗಳ ಮೇಲೆ.

"ನೀವೊಂದು ಪುಟ ಒತ್ತಿದ್ರೆ ಎಲ್ಲೋ ಒಂದು ಸರ್ವರ್ ಬಿಸಿಯಾಗುತ್ತೆ ಸಾರ್. ಅದನ್ನ ತಣ್ಣಗಿಡೋಕೆ ಎಸಿ. ಎಸಿಗೆ ಕರೆಂಟು. ಕರೆಂಟಿಗೆ ರಾಯಚೂರಲ್ಲಿ ಕಲ್ಲಿದ್ದಲು ಸುಡಬೇಕು!" ಕೇಳಿಸಿಕೊಂಡವರು ಅಪರಾಧಿಗಳ ಹಾಗೆ ಫೋನನ್ನು ಜೇಬಿಗೆ ಇಳಿಸುತ್ತಾರೆ.

ನಿವಾಸಿಗಳ ಸಂಘಕ್ಕೆ ವೆಬ್‌ಸೈಟ್ ಬೇಕೆಂದಾಗ ಬಿಟ್ಟಿ ಮಾಡಿಕೊಡುವ ಒಬ್ಬರೇ ಒಬ್ಬರು ಇವರಾದ್ದರಿಂದ ಕೆಲಸ ಇವರಿಗೇ ಬಿತ್ತು. ಸಭೆಯಲ್ಲಿ ಎದ್ದು ನಿಂತು, ಸೈಟಿನ ಬರಹ-ಚಿತ್ರಗಳನ್ನು ನಿಭಾಯಿಸುವ ತಂತ್ರಾಂಶದ ಮಾತೆತ್ತಿ, "ಮೊದಲು ಸಿಎಂಎಸ್ ಆಯ್ಕೆ ಆಗಬೇಕು" ಎಂದರು. ಕಿವಿ ಕೊಂಚ ಮಂದವಿರುವ ಅಧ್ಯಕ್ಷರು, "ಸಿಎಂ ಆಯ್ಕೆ ಹೈಕಮಾಂಡಿಗೆ ಬಿಟ್ಟಿದ್ದು ಕಣ್ರೀ, ಮುಂದಿನ ವಿಷಯ ತಗೊಳ್ಳಿ" ಎಂದರು.

ವರ್ಡ್‌ಪ್ರೆಸ್ ಇದೆಯಲ್ಲ ಎಂದ ಒಬ್ಬ ಕಾಲೇಜು ಹುಡುಗ. ಮೂರ್ತಿ ಕಾಯುತ್ತಿದ್ದುದೇ ಇದಕ್ಕೆ. "2003ರಿಂದ ಇದೆ, ಲೋಕದ ನೂರಕ್ಕೆ 40ಕ್ಕೂ ಹೆಚ್ಚು ಸೈಟುಗಳು ಅದರದ್ದೇ, ಒಪ್ಪಿದೆ. ಆದರೆ ಗಿರಾಕಿ ಬಂದಾಗಲೆಲ್ಲ ಅದು ಡೇಟಾಬೇಸಿಗೆ ಓಡಿ, ಸಾಮಾನು ತಂದು, ಒಲೆ ಹಚ್ಚಬೇಕು. ಹ್ಯೂಗೋ, ಜೆಕಿಲ್ ಅಂದ್ರೆ ಬೆಳಿಗ್ಗೇನೇ ಕಲಸಿಟ್ಟ ಚಿತ್ರಾನ್ನ. ಬಂದೋರಿಗೆಲ್ಲ ಬಡಿಸ್ತಾ ಹೋಗೋದು." ಸಿದ್ಧ ಪುಟವನ್ನು ಎತ್ತಿಡುವ ಕ್ಯಾಶ್ ಹಾಕಿದರೆ ವರ್ಡ್‌ಪ್ರೆಸ್ಸೂ ಹೆಚ್ಚುಕಡಿಮೆ ಹಾಗೇ ಬಡಿಸುತ್ತದೆ. ಆ ಸಂಗತಿಯನ್ನು ಮೂರ್ತಿ ತಾವಾಗಿ ಎತ್ತುವವರಲ್ಲ. ಬದಲಿಗೆ ಬಾರ್ಸಿಲೋನಾಕ್ಕೆ ಹೊರಟರು. ಅಲ್ಲಿ ಲೋ-ಟೆಕ್ ಮ್ಯಾಗಜಿನ್ ಎಂಬ ಪತ್ರಿಕೆಯ ಸೈಟು 2018ರಿಂದ ಬಿಸಿಲಿನ ಕರೆಂಟಿನಲ್ಲೇ ನಡೆಯುತ್ತದೆ. ಮೋಡ ಕವಿದು ಬ್ಯಾಟರಿ ಬರಿದಾದರೆ ಸೈಟೂ ಬಂದ್. "ಅದೇನು ಮಹಾ, ನಮ್ಮಲ್ಲಿ ನಾಲ್ಕು ಹನಿ ಬಿದ್ರೆ ಸಾಕು" ಎಂದರು ಕಾರ್ಯದರ್ಶಿ.

ಮುಖಪುಟದ ಮೇಲೆ 'ಸುಸ್ವಾಗತ' ಇರಬೇಕೆಂದು ಅಧ್ಯಕ್ಷರ ಆಸೆ. ಮೂರ್ತಿ ಬೆರಳು ಮಡಚಿ ಎಣಿಸಿದರು. ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟು, ಕೊಂಬು-ಇಳಿಗಳಿಗೂ ಪ್ರತ್ಯೇಕ ಚಾರ್ಜು. "ಸುಸ್ವಾಗತ 24 ಬೈಟ್ ಆಗುತ್ತೆ ಸಾರ್. 'ಬನ್ನಿ' ಅಂದ್ರೆ 15ಕ್ಕೇ ಮುಗೀತು." ಹೀಗೆ 9 ಬೈಟ್ ಉಳಿಸಿಕೊಟ್ಟ ಗಳಿಗೆಯಲ್ಲೇ ಅಧ್ಯಕ್ಷರ ಮಗ ತಂದೆಯ ಫೋಟೋ ಕಳಿಸಿದ. 6 ಎಂಬಿ. ಶಾಲಿನ ಜರಿಯ ಎಳೆ ಎಣಿಸಬಹುದಾಗಿತ್ತು.

ಸಾಮಾನ್ಯವಾಗಿ ಸೈಟುಗಳ ಭಾರದ ದೊಡ್ಡ ಪಾಲು ಇಂಥ ಶಾಲುಗಳಲ್ಲೇ ಇರುವುದು. ಸಿಎಂಎಸ್ ಯಾವುದಾದರೇನು, ಫೋಟೋ ಕುಗ್ಗಿಸದಿದ್ದರೆ ಎಲ್ಲವೂ ಭಾರವೇ. ಮೂರ್ತಿ ಕುಗ್ಗಿಸಿದರು. ಬಾರ್ಸಿಲೋನಾದವರ ಮಾದರಿಯಲ್ಲೇ ಬಣ್ಣ ತೆಗೆದು ಚುಕ್ಕಿಚುಕ್ಕಿಯ ಕಪ್ಪುಬಿಳುಪು ಮಾಡಿಬಿಟ್ಟರು. ಹ್ಯೂಗೋದಲ್ಲಿ ಸೈಟು ಎದ್ದಿತು, ಮುಖಪುಟ ಬರೀ 38 ಕೆಬಿ. ಮಾರನೆಯ ದಿನ ಹೊಸಪೇಟೆಯ ಬೀಗರು ಅಧ್ಯಕ್ಷರ ಮನೆಗೆ ಫೋನ್ ಮಾಡಿ, ಯಾವಾಗ ಹೋದರು, ಕಾರ್ಯ ಯಾವತ್ತು ಎಂದು ಕೇಳಿದರು. ಫೋನ್ ಎತ್ತಿದವರು ಅಧ್ಯಕ್ಷರೇ.

ಬಣ್ಣವೇನೋ ಮರಳಿತು. ಆದರೆ ಸೈಟಿಗೆ ಒಂದು ಸಾಲು ಸೇರಿಸಬೇಕಾದರೂ ಮಾರ್ಕ್‌ಡೌನ್‌ನಲ್ಲಿ ಬರೆದು ಗಿಟ್‌ಗೆ ಪುಷ್ ಮಾಡಬೇಕು. ಕಾರ್ಯದರ್ಶಿಗಳು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತರಾದವರು. ಮೂರ್ತಿ ಕೊಟ್ಟ ಸೂಚನೆಯ ಹಾಳೆಯನ್ನು ಓದಿ, "ಪುಷ್ ಅಂದ್ರೆ ಎಲ್ಲಿ ತಳ್ಳಬೇಕು?" ಎಂದು ಕೇಳಿದ್ದರು. ಮೂರ್ತಿ ಮದುವೆಗೆಂದು ಶಿರಸಿಗೆ ಹೋದ ವಾರವೇ ಬಡಾವಣೆಗೆ ಎರಡು ದಿನ ನೀರಿಲ್ಲವೆಂಬ ಸುದ್ದಿ ಬಂತು. ಕಾರ್ಯದರ್ಶಿಗಳು ಬಿಳಿ ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದು, ಫೋಟೋ ಹೊಡೆದು, ಡಾಕ್ಯುಮೆಂಟ್ ಮಾಡಿ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಮುನ್ನೂರು ಮನೆಗಳಿಗೂ ತಲುಪಿತು. ಊಟದ ಪಂಕ್ತಿಯಿಂದಲೇ ಮೂರ್ತಿಯವರ ಉತ್ತರ ಬಂತು: "ಸಾರ್, ಇದು 4 ಎಂಬಿ! ಇಂಟು ಮುನ್ನೂರು!!" ನೀರಿನ ಬಗ್ಗೆ ಒಂದಕ್ಷರವಿಲ್ಲ.

ಯಾರು ಬರೆಯುತ್ತಾರೆಂದು ನೋಡಿಯೇ ಸಿಎಂಎಸ್ ಆರಿಸಬೇಕೆಂದು ಅಷ್ಟು ಹೊತ್ತಿಗೆ ಸಂಘಕ್ಕೆಲ್ಲ ಗೊತ್ತಾಗಿತ್ತು, ಮೂರ್ತಿಯವರಿಗೂ. ಗ್ರಾವ್ ಎಂಬ ಇನ್ನೊಂದು ಸಿಎಂಎಸ್‌ಗೆ ಬದಲಾಯಿಸಿದರು. ಅದಕ್ಕೆ ಡೇಟಾಬೇಸ್ ಬೇಡ, ಬರೆದದ್ದೆಲ್ಲ ಮಾಮೂಲಿ ಕಡತಗಳಲ್ಲೇ ಇರುತ್ತದೆ. ಅಡ್ಮಿನ್ ಪ್ಲಗಿನ್ ಹಾಕಿದರೆ ಕಾರ್ಯದರ್ಶಿಗಳಂಥವರೂ ಬ್ರೌಸರಿನಲ್ಲೇ ಟೈಪ್ ಮಾಡಿ ಸೇವ್ ಒತ್ತಬಹುದು. ಆ ಪ್ಲಗಿನ್ ಹಾಕುವಾಗ ಮೂರ್ತಿಯವರ ಮುಖ ನೋಡಲಾಗುತ್ತಿರಲಿಲ್ಲ.

ಕಾರ್ಯದರ್ಶಿಗಳಿಗೆ ಹಬ್ಬ. ನೀರು, ಕಸ, ಕಳೆದುಹೋದ ನಾಯಿ, ಎಲ್ಲವನ್ನೂ ತಾವೇ ಏರಿಸತೊಡಗಿದರು. ದೀಪಾವಳಿಗೆ ಎಲ್ಲಿಂದಲೋ ಉರಿಯುವ ಹಣತೆಯ ಜಿಫ್ ತಂದು ಮುಖಪುಟಕ್ಕೆ ಅಂಟಿಸಿದರು. ಮೂರ್ತಿ ರಾತ್ರೋರಾತ್ರಿ ಅದರ ಮೊದಲ ಚಿತ್ರವನ್ನಷ್ಟೇ ಉಳಿಸಿ ಮಿಕ್ಕದ್ದನ್ನೆಲ್ಲ ಕತ್ತರಿಸಿದರು.

ಬೆಳಿಗ್ಗೆ ಆರಕ್ಕೇ ಫೋನ್: "ಮೂರ್ತಿಗಳೇ, ದೀಪ ಹಚ್ಚಿದೀನಿ, ಜ್ವಾಲೆ ಅಲ್ಲಾಡ್ತಾನೇ ಇಲ್ವಲ್ಲ?"

"ಗಾಳಿ ಇಲ್ಲ ಸಾರ್" ಎಂದರು ಮೂರ್ತಿ.