ಕೆಂಪು ಬಿಲ್ಲೆಯ ಮಹಿಮೆ

ಹ್ಯೂಸ್ಟನ್ ಹೊರವಲಯದ ನಮ್ಮ ಬಡಾವಣೆಯಲ್ಲಿ ಕಾರು ತೆಗೆಯದೆ ಕೊತ್ತಂಬರಿ ಸೊಪ್ಪೂ ಸಿಗದು. ಅಂಥದ್ದರಲ್ಲಿ ನನ್ನವಳಿಗೆ ಪಕ್ಕದ ಲೂಯಿಸಿಯಾನದ ಒಳ್ಳೆಯ ಕೇಜನ್ ಊಟ ಬೇಕಂತೆ, ಮಗನಿಗೆ ಬ್ರೆಜಿಲಿನದು. ಕೇಜನ್ ಅಡುಗೆಯ ಗಂಬೋ ಸಾರಿಗೆ ಬೆಂಡೆಕಾಯಿ ಹಾಕುತ್ತಾರೆಂದು ಕೇಳಿ ಪುಳಿಚಾರಿನವನಾದ ನಾನು ಹಿಗ್ಗಿದೆ. ಸೌಟಾಡಿಸಿದರೆ ಬೆಂಡೆಯ ಹಿಂದೆಯೇ ಸೀಗಡಿಯೊಂದು ಮೀಸೆ ತಿರುವುತ್ತಾ ಮೇಲೆದ್ದಿತು! ಬ್ರೆಜಿಲ್ ಹೋಟೆಲಿನಲ್ಲಿ ತಲೆಗೊಂದು ಬಿಲ್ಲೆ. ಹಸಿರು ಮುಖ ಮೇಲಿದ್ದರೆ ಕಬ್ಬಿಣದ ಸರಳಿಗೆ ಚುಚ್ಚಿದ ಮಾಂಸ ಹಿಡಿದು ಬಡಿಸುವವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಕೆಂಪು ತಿರುವಿದರೆ ದೂರ ಸರಿಯುತ್ತಾರೆ. ನಾನು ಕೆಂಪನ್ನೇ ಗಟ್ಟಿಯಾಗಿ ಒತ್ತಿ ಹಿಡಿದು, ಮರಗೆಣಸಿನ ಹಿಟ್ಟಿಗೆ ಚೀಸ್ ಕಲಸಿ ಬೇಯಿಸಿದ ಪಾಂವ್ ಜಿ ಕೇಜು ಉಂಡೆಗಳನ್ನು ಬುಟ್ಟಿಗಟ್ಟಲೆ ಮುಗಿಸಿದೆ. ನಮ್ಮ ಮದುವೆಮನೆಯಲ್ಲಿ ಹೋಳಿಗೆ ಬಡಿಸುವವರಿಗೂ ಇಂಥದೊಂದು ಬಿಲ್ಲೆ ತೋರಿಸುವಂತಿದ್ದರೆ ಎಷ್ಟು ಹೊಟ್ಟೆಗಳು ಬದುಕುತ್ತಿದ್ದವೋ!