ಹೊಸ ಗಿಡ ಕಂಡುಹಿಡಿಯುವ ವಿಧಾನ: ಬಳಕೆದಾರರ ಕೈಪಿಡಿ

ಈ ಕೈಪಿಡಿ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿಗೆ ಮಾತ್ರ ಅನ್ವಯ. ಅಮೆಜಾನಿಗೆ ಒಯ್ದು, ಕೆಲಸ ಮಾಡಲಿಲ್ಲವೆಂದು ದೂರಬೇಡಿ.

ಬೇಕಾಗುವ ಸಾಮಾನು: ಹಳೇ ಪೇಪರಿನ ಕಟ್ಟು, ಅದನ್ನು ಬಿಗಿಯಲು ಎರಡು ಹಲಗೆ ಮತ್ತು ಹಗ್ಗ, ಭೂತಗನ್ನಡಿ, ಪೆನ್ಸಿಲ್ (ಪೆನ್ನಿನ ಶಾಯಿ ಮಳೆಗೆ ನಿಲ್ಲುವುದಿಲ್ಲ), ಅರಣ್ಯ ಇಲಾಖೆಯ ಅನುಮತಿ ಪತ್ರ, ಉಂಬಳಕ್ಕೆ ಉಪ್ಪು. ಇವೆಲ್ಲಕ್ಕಿಂತ ಮುಖ್ಯವಾಗಿ, ಆ ಊರಿನ ಹಿರಿಯರೊಬ್ಬರು. ಈ ಕೊನೆಯ ಸಾಮಾನು ಆನ್‌ಲೈನಿನಲ್ಲಿ ಸಿಗುವುದಿಲ್ಲ; ಮನೆಗೇ ಹೋಗಿ, ಜಗಲಿಯಲ್ಲಿ ಕೂತು, ಕವಳ ಮುಗಿಯುವವರೆಗೆ ಕಾಯಬೇಕು.

ಹೊರಡುವ ಕಾಲ: ಗಿಡ ಹೂ ಬಿಟ್ಟಾಗ. ನಿಮಗೆ ರಜೆ ಸಿಕ್ಕಾಗ ಅಲ್ಲ. ಹೂವೂ ಕಾಯಿಯೂ ಇಲ್ಲದ ಕೊಂಬೆಯನ್ನು ತಂದು ತೋರಿಸಿದರೆ ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಅದು ಬರೀ ಸೊಪ್ಪು.

ಇನ್ನು ಕಾಡು. ಹೊನ್ನಾವರದಿಂದ ಜೋಗದ ಕಡೆಗೆ ಹೋಗುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಿಗುತ್ತದೆ. ಬಸ್ಸಿನಲ್ಲಿ ತೂಕಡಿಸುತ್ತಾ ದಾಟಿ ಹೋದವರೇ ಹೆಚ್ಚು. ಒಳಗೆ ರಾಮಪತ್ರೆ ಜಡ್ಡಿಯಿದೆ: ನೀರು ಒಸರುತ್ತಲೇ ಇರುವ ಕೆಸರು ನೆಲ, ಅದರಿಂದ ಮಂಡಿ ಮಡಚಿದಂತೆ ಎದ್ದು ಮತ್ತೆ ಕೆಸರಿಗೇ ಇಳಿಯುವ ಬೇರುಗಳು. ದಯವಿಟ್ಟು ಅವುಗಳ ಮೇಲೆ ಕಾಲಿಡಬೇಡಿ. ಕೆಸರಿನಲ್ಲಿ ಗಾಳಿ ಸಾಲದ್ದಕ್ಕೆ ಮರ ಉಸಿರಾಡುವುದು ಅವುಗಳಿಂದಲೇ.

ಅಪರಿಚಿತ ಮರಕ್ಕೆ ಒರಗುವುದೂ ಬೇಡ. ಹೊಲಗೇರಿನ ಸೊನೆ ತಗುಲಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ. ಆಗ ಗಿಡವೇ ನಿಮ್ಮನ್ನು ಕಂಡುಹಿಡಿದಂತಾಯಿತು.

ಸಾಮಾನ್ಯ ದೋಷಗಳು. ತರಗೆಲೆಯ ನಡುವೆ ಕೆಂಪು ಅಣಬೆಯಂಥದ್ದು ಕಂಡಕೂಡಲೇ ಪಲ್ಯದ ಯೋಚನೆ ಬಂದರೆ ತಡೆಯಿರಿ, ಅದು ಬೆಲನೊಫೋರಾ ಇರಬಹುದು. ಅಣಬೆಯಲ್ಲ, ಹೂಬಿಡುವ ಗಿಡ. ಹಸಿರಿನ ಸುಳಿವೇ ಇಲ್ಲದೆ, ಬೇರೆ ಮರದ ಬೇರಿಗೆ ಅಂಟಿಕೊಂಡು ಹೊಟ್ಟೆ ಹೊರೆಯುತ್ತದೆ. ಹಾಸಿಗೆ ಮರದ ಎಳೆಗೊಂಬೆ ಗೆಣ್ಣುಗಳ ನಡುವೆ ಉಬ್ಬಿದೆಯೆಂದು ರೋಗ ಅಂತ ಬರೆದುಕೊಳ್ಳಬೇಡಿ. ಭೂತಗನ್ನಡಿ ಹಿಡಿದರೆ ಉಬ್ಬಿನ ತುದಿಯಲ್ಲೊಂದು ಸಣ್ಣ ಕಿಂಡಿ ಕಾಣುತ್ತದೆ. ಒಳಗೆ ಪೊಳ್ಳು, ಇರುವೆಗಳ ಬಿಡಾರ. ಕೆಲವು ಪೊಳ್ಳುಗಳಲ್ಲಿ ಎರೆಹುಳುವೂ ಒಕ್ಕಲಿರುತ್ತದೆ, ನೆಲ ಬಿಟ್ಟು ಮರದ ಮೇಲೆ! ಬೆರಳಿಟ್ಟು ಪರೀಕ್ಷಿಸುವುದು ನಿಮ್ಮ ಸ್ವಂತ ಜವಾಬ್ದಾರಿ.

ಕಡೆಗೂ ಯಾವುದಕ್ಕೂ ಹೊಂದದ ಗಿಡವೊಂದು ಸಿಕ್ಕಿತೇ? ಕುಣಿಯುವ ಮೊದಲು ಹಿರಿಯರನ್ನು ಕೇಳಿ. "ಇದಾ? ಇದು ನಮ್ಮ ಬೆಟ್ಟದಲ್ಲೂ ಉಂಟಲ್ಲ" ಎಂದರೆ, ನಿಮ್ಮ ಶೋಧ ಅಲ್ಲಿಗೇ ಮುಗಿಯಿತು ಎಂದಲ್ಲ, ಆಗಷ್ಟೇ ಶುರುವಾಯಿತು. ಒಣಗಿಸಿದ ಮಾದರಿಯನ್ನು ಹರ್ಬೇರಿಯಂನಲ್ಲಿ, ಅಂದರೆ ಒಣಗಿಡಗಳ ಸಂಗ್ರಹಾಲಯದಲ್ಲಿ, ಇರುವ ಹಳೇ ಹಾಳೆಗಳ ಜೊತೆ ಒಂದೊಂದಾಗಿ ಹೋಲಿಸಿ ನೋಡಬೇಕು. ಕಾಡಿನಲ್ಲಿ ಚಪ್ಪಲಿ ಸವೆದದ್ದಕ್ಕಿಂತ ಇಲ್ಲಿ ಕಣ್ಣು ಸವೆಯುವುದೇ ಹೆಚ್ಚು. ಆಮೇಲೆ ವಿವರಣೆ ಬರೆದು ಪ್ರಕಟಿಸಬೇಕು. 2012ರಿಂದ ಲ್ಯಾಟಿನ್ ಕಡ್ಡಾಯವಲ್ಲ, ಇಂಗ್ಲಿಷ್ ನಡೆಯುತ್ತದೆ. ಕನ್ನಡ ಇನ್ನೂ ಹೊಸಿಲಾಚೆಯೇ ನಿಂತಿದೆ.

ಹೀಗೂ ಆಗುವುದುಂಟೇ ಎಂದು ಅನುಮಾನಿಸುವವರಿಗೆ: ಇದೇ ಕತ್ತಲೆಕಾನಿನ ದೊಡ್ಡ ಮರವೊಂದಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 2000ರಲ್ಲಿ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು. ಗೇರಿನ ಕುಟುಂಬದ್ದು. ಹುಲ್ಲುಕಡ್ಡಿಯಲ್ಲ, ಕತ್ತೆತ್ತಿ ನೋಡಬೇಕಾದ ಮರ. ಅಷ್ಟು ದಿನವೂ ಅಲ್ಲೇ ನಿಂತಿತ್ತು.

ಮಾದರಿ ಅಂಟಿಸಿದ ಹಾಳೆಯ ಚೀಟಿ ತುಂಬುವಾಗ ಬಹಳ ಜನರ ಕೈ ತಪ್ಪುವುದು ಹೆಸರಿನ ಜಾಗದಲ್ಲಿ: ತಮ್ಮದೊಂದನ್ನೇ ಬರೆದುಬಿಡುತ್ತಾರೆ. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ, ಮಲಬಾರಿನ ಗಿಡಗಳ ಪುಸ್ತಕ 'ಹೋರ್ಟುಸ್ ಮಲಬಾರಿಕುಸ್' ಮಾಡಿಸಿದವನು ಡಚ್ಚರ ಅಧಿಕಾರಿ ವಾನ್ ರೀಡ್. ಆದರೂ ಗಿಡಗಳ ಗುಣ ಹೇಳಿಕೊಟ್ಟ ಮಲಬಾರಿನ ವೈದ್ಯ ಇಟ್ಟಿ ಅಚ್ಯುತನ್ ಅವರ ಹೇಳಿಕೆಯೇ ಆ ಪುಸ್ತಕದಲ್ಲಿದೆ. ವಸಾಹತಿನ ಅಧಿಕಾರಿಗೆ ಇದ್ದ ಸೌಜನ್ಯ ನಮಗಿಲ್ಲದಿದ್ದರೆ ಹೇಗೆ? ದಾರಿ ತೋರಿಸಿದವರನ್ನು ಕೇಳಿ, ಒಪ್ಪಿದರೆ ಅವರ ಹೆಸರನ್ನೂ ಬರೆಯಿರಿ.

ಕೊನೆಯ ಸೂಚನೆ ಮೊಬೈಲಿಗೆ ಸಂಬಂಧಿಸಿದ್ದು. ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ಔಷಧಿಗೆ ಬೇಕಾದ ಕ್ಯಾಂಪ್ಟೊಥೆಸಿನ್ ಇದೆಯೆಂದು ಗೊತ್ತಾದ ಮೇಲೆ ಘಟ್ಟದ ಎಷ್ಟೋ ಕಡೆ ಅದು ಕೊಡಲಿಗೆ ಸಿಕ್ಕಿತು. ಹಾಗಾಗಿ ಫೋಟೊ ಎಷ್ಟಾದರೂ ಹಾಕಿಕೊಳ್ಳಿ, ಲೊಕೇಶನ್ ಮಾತ್ರ ಆಫ್ ಮಾಡಿ.