ನಕ್ಕವರು ನಾವು, ಬರೆದವರು ಅವರು

ಹಾಸ್ಯ ನಾಟಕ ನೋಡಿ ನಕ್ಕವರನ್ನು ಬೇಕಾದಷ್ಟು ಕಂಡಿದ್ದೇನೆ. ಹಾಸ್ಯ ನಾಟಕದ ವಿಮರ್ಶೆ ಓದಿ ನಕ್ಕವರು ಮಾತ್ರ ಇನ್ನೂ ಸಿಕ್ಕಿಲ್ಲ. ನಿಮ್ಮ ಕಡೆ ಯಾರಾದರೂ ಇದ್ದರೆ ದಯವಿಟ್ಟು ಚಿನ್ನದ ಗಣಿಯ ನಮ್ಮೂರು ಕೋರಮಂಡಲಿಗೆ ಕಳಿಸಿಕೊಡಿ. ದಾರಿಯಲ್ಲಿ ಬಂಗಾರಪೇಟೆಯಲ್ಲಿ ಇಳಿಸಿಕೊಂಡು ಪಾನಿಪುರಿ ಕೊಡಿಸುವ ಖರ್ಚು ನನ್ನದು. ನೀರಿಗೆ ಬಣ್ಣವಿಲ್ಲ ಅಂತ ಸಲೀಸಾಗಿ ಗುಟುಕರಿಸಿ ಕಣ್ಣೀರು ಹಾಕಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ಗಣಿ ಊರಿನವನಿಗೆ ವಿಮರ್ಶೆಯ ಉಸಾಬರಿ ಯಾಕೆ ಅಂತೀರಾ? ನಮಗೆ ಅದು ಅನಿವಾರ್ಯ ಸ್ವಾಮಿ. ಬೆಂಗಳೂರಿನ ರಂಗಶಂಕರದಲ್ಲಿ ಏಳೂವರೆಗೆ ನಾಟಕ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಬೇಗ ಎದ್ದು ಹೋಗುವವರನ್ನು ತಡೆಯುವುದೂ ಇಲ್ಲ. ನಮ್ಮನ್ನು ಊರಿಗೆ ಮುಟ್ಟಿಸುವ ಮಾರಿಕುಪ್ಪಂ ರೈಲು ನಾಟಕಕ್ಕಾಗಿ ಕಾಯುತ್ತದೆಯೇ? ಹೀಗಾಗಿ ಕೋರಮಂಡಲಿನ ರಂಗಪ್ರೇಮಿಗೆ ಎಲ್ಲ ನಾಟಕದ ಮೊದಲ ಭಾಗ ಬಾಯಿಪಾಠ, ಕೊನೆ ಮಾತ್ರ ಗೊತ್ತಿಲ್ಲ. ಕೊನೆಗೆ ಏನಾಯಿತು ಅಂತ ಪತ್ರಿಕೆ ತೆಗೆದರೆ ಅಲ್ಲಿ ವಿಮರ್ಶಕ ಮಹಾಶಯರು, "ಕೊನೆಯನ್ನು ರಂಗದ ಮೇಲೆ ನೋಡಿಯೇ ಸವಿಯಬೇಕು" ಅಂತ ಬರೆದು ಕೈ ತೊಳೆದುಕೊಂಡಿರುತ್ತಾರೆ.

ಅದಕ್ಕೇ ನಮ್ಮೂರಿಗೇ ನಾಟಕ ಬಂದಾಗ ನಾವು ಕೊನೆಯವರೆಗೂ ಅಲ್ಲಾಡುವುದಿಲ್ಲ. ಒಂದು ರಾಜ್ಯೋತ್ಸವಕ್ಕೆ ಇಲ್ಲಿನ ಹುಡುಗರೇ ಸೇರಿ ಕೈಲಾಸಂ ಅವರ 'ಬಂಡ್ವಾಳ್ವಿಲ್ಲದ ಬಡಾಯಿ' ಆಡಿದರು. ಕೈಲಾಸಂ ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದವರು. ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯ ನೌಕರಿ ಬಿಟ್ಟು ನಾಟಕ ಹಿಡಿದವರು. ಕಲ್ಲು ಬಿಟ್ಟು ಮನುಷ್ಯರನ್ನು ಕೆದಕಿದರು ಅನ್ನಿ. ಕಥೆ ನಿಮಗೆ ಗೊತ್ತೇ ಇದೆ: ಅಹೋಬ್ಲು ಅನ್ನುವ ವಕೀಲ, ಜೇಬು ಖಾಲಿ, ಬಾಯಿ ಮಾತ್ರ ಭರ್ತಿ.

ಅಹೋಬ್ಲು ಪಾತ್ರದ ಹುಡುಗನಿಗೆ ಮೀಸೆ ಅಂಟಿಸಿದ್ದು ಅಗ್ಗದ ಗೋಂದಿನಲ್ಲಿ. ಬಡಾಯಿ ಏರಿದ ಹಾಗೆ ಬೆವರೂ ಏರಿ ಎಡಮೀಸೆ ತುಟಿಯಿಂದ ಗಲ್ಲಕ್ಕೆ ಜಾರಿತು. ಹುಡುಗ ಜಾಣ. ಮಾತು ನಿಲ್ಲಿಸದೆ, ಅದನ್ನೇ ಬೆರಳಿನಿಂದ ತೀಡಿ, ದೊಡ್ಡ ಕೇಸಿನ ಯೋಚನೆಯಲ್ಲಿರುವವನ ಹಾಗೆ ಗಲ್ಲದ ಮೇಲೆ ಸುರುಳಿ ಸುತ್ತಿದ. ಸೂರು ಹಾರಿಹೋಗುವಷ್ಟು ನಗು. ಅಷ್ಟರಲ್ಲಿ ಕರೆಂಟು ಹೋಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ, ಬೆಂಗಳೂರಿಗಿಂತ ಮೂರು ವರ್ಷ ಮೊದಲು ಬಂದ ಊರು ನಮ್ಮದು, ನೆನಪಿರಲಿ. ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಲಾಯರ್ ಸಾರ್, ಮೊದಲು ಬಿಲ್ಲು ಕಟ್ಟಿ!"

ವರದಿ ಎರಡು ಬಂದವು. ಸ್ಥಳೀಯ ಪತ್ರಿಕೆಯಲ್ಲಿ ವೇದಿಕೆಯ ಮೇಲಿದ್ದ ಗಣ್ಯರ ಹೆಸರು, ಯಾರು ದೀಪ ಹಚ್ಚಿದರು, ಯಾರು ಸ್ವಾಗತಿಸಿದರು, ಯಾರು ವಂದಿಸಿದರು ಎಲ್ಲ ಇತ್ತು. ಕೊನೆಯ ಸಾಲು: "ನಂತರ ನಾಟಕ ಪ್ರದರ್ಶನಗೊಂಡಿತು." ಇದನ್ನು ನಾನು ಬೈಯುವುದಿಲ್ಲ. ಸುಳ್ಳು ಒಂದೂ ಇಲ್ಲ. ಎರಡನೆಯದು ಬೆಂಗಳೂರಿನಿಂದ ಬಂದಿದ್ದ ವಿಮರ್ಶಕರೊಬ್ಬರದು. ಜಾರಿದ ಮೀಸೆ ಅವರ ಕಣ್ಣಿಗೆ "ಪುರುಷ ಅಹಂಕಾರದ ಸ್ಥಾನಪಲ್ಲಟ"ವಾಗಿತ್ತು. ಕರೆಂಟು ಹೋದದ್ದು "ಬೆಳಕಿನ ವಿನ್ಯಾಸದಲ್ಲಿ ಧ್ವನಿಪೂರ್ಣ ಕತ್ತಲೆ". ನಮ್ಮ ವಿಷಯವೂ ಒಂದು ಸಾಲು ಇತ್ತು: ಪ್ರೇಕ್ಷಕರು ಕೃತಿಯ ವ್ಯಂಗ್ಯವನ್ನು ಗ್ರಹಿಸದೆ ಬರೀ ನಕ್ಕರಂತೆ.

ಬರೀ ನಕ್ಕೆವಂತೆ! ಈ ಮಾತು ನನಗೆ ಇನ್ನೂ ಜೀರ್ಣವಾಗಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೂ ಹೊರಗಿನವರ ಮುಂದೆ ನಾವು "ಚಿನ್ನದ ಊರಿನವರು" ಅಂತ ಎದೆ ಉಬ್ಬಿಸುತ್ತಲೇ ಇದ್ದೇವೆ. ಬೆಳಗಾದರೆ ಕೆಲಸಕ್ಕೆ ಬೆಂಗಳೂರಿನ ರೈಲು ಹಿಡಿಯುತ್ತೇವೆ. ಬಂಡವಾಳವಿಲ್ಲದ ಬಡಾಯಿ ಯಾರದು ಹೇಳಿ? ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಕೆಳಗಿನ ಲೈನು ಮನೆಗಳಿಂದ ಬಂದ ಮುದುಕರು ಅಹೋಬ್ಲುವನ್ನು ಕಂಡು ಹೊಟ್ಟೆ ಹಿಡಿದುಕೊಂಡದ್ದು ಪಕ್ಕದ ಮನೆಯವನನ್ನು ಕಂಡ ಹಾಗಾಗಿ. ಪಕ್ಕದ ಮನೆಯವನು ಅಂದದ್ದು ಮರ್ಯಾದೆಗೆ.

ಭಾಷೆಯ ಬಗ್ಗೆಯೂ ವಿಮರ್ಶಕರಿಗೆ ಹೊಟ್ಟೆನೋವು. ಕೈಲಾಸಂ ಕಾಲದಿಂದಲೂ ಇದೇ ದೂರು: ಕನ್ನಡಕ್ಕೆ ಇಂಗ್ಲಿಷು ಬೆರೆಸಿದರು ಅಂತ. ನಮ್ಮೂರಲ್ಲಿ ತಮಿಳು, ತೆಲುಗು, ಕನ್ನಡ, ಇಂಗ್ಲಿಷು ನೂರು ವರ್ಷ ಒಂದೇ ಕೇಜಿನಲ್ಲಿ ಶಾಫ್ಟಿಗೆ ಇಳಿದಿವೆ. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಆಳ ಹೋದ ಮೇಲೆ ಯಾವನು ವ್ಯಾಕರಣ ಕೇಳುತ್ತಾನೆ? ಅಹೋಬ್ಲು ಆಡಿದ ಭಾಷೆ ಇಲ್ಲಿಯವರಿಗೆ ಒಂದಿಷ್ಟೂ ವಿಚಿತ್ರ ಅನಿಸಲಿಲ್ಲ. ವಿಚಿತ್ರ ಅನಿಸಿದ್ದು ಆ ವಿಮರ್ಶೆಯ ಕನ್ನಡ.

ಗಣಿಯಲ್ಲಿ ಅಸ್ಸೇ ಆಫೀಸು ಅಂತ ಒಂದಿತ್ತು. ಅದಿರು ಪುಡಿ ಮಾಡಿ, ಕಾಸಿ, ಟನ್ನಿಗೆ ಇಷ್ಟು ಗ್ರಾಂ ಚಿನ್ನ ಅಂತ ಚೀಟಿ ಕೊಡುತ್ತಿದ್ದರು. ಕೊನೆಕೊನೆಗೆ ಟನ್ನಿಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು, ಗಿಟ್ಟುವುದಿಲ್ಲ ಅಂತ ಬೀಗ ಹಾಕಿದರು. ಆ ಎರಡು ಕಾಲಂ ವಿಮರ್ಶೆಯನ್ನು ನಾನೂ ಹಾಗೇ ಪುಡಿ ಮಾಡಿ ನೋಡಿದೆ. "ಪಾತ್ರಕ್ಕೆ ಜೀವ ತುಂಬಿದರು", "ನ್ಯಾಯ ಒದಗಿಸಿದರು", "ರಂಗಸಜ್ಜಿಕೆ ಪೂರಕವಾಗಿತ್ತು", "ಸಮಕಾಲೀನ ತಲ್ಲಣಗಳಿಗೆ ಮುಖಾಮುಖಿ"... ಇವನ್ನೆಲ್ಲ ಊದಿ ಹಾರಿಸಿದ ಮೇಲೆ, ಜನ ಎಲ್ಲಿ ನಕ್ಕರು, ಯಾಕೆ ನಕ್ಕರು ಅನ್ನುವುದು ಮೂರು ಗ್ರಾಂ ಕೂಡ ಉಳಿಯಲಿಲ್ಲ.

ಭರತಮುನಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಾಟ್ಯಶಾಸ್ತ್ರದ 27ನೇ ಅಧ್ಯಾಯ ತೆಗೆದು ನೋಡಿ. ನಾಟಕ ಗೆದ್ದಿತೋ ಸೋತಿತೋ ಅಂತ ತಿಳಿಯಲು ಆತ ಮೊದಲು ಹಿಡಿದುಕೊಳ್ಳುವುದೇ ಜನರ ಬಾಯಿಯನ್ನು: ಮುಗುಳ್ನಗೆಯೋ, ಅರ್ಧ ನಗೆಯೋ, ಜೋರು ನಗೆಯೋ, "ಸಾಧು" ಅಂದರೋ, "ಅಹೋ" ಅಂದರೋ! ತಪ್ಪುಗಳಿಗೆ ಬೇರೆ ಪಟ್ಟಿ. ಗಾಳಿ, ಬೆಂಕಿ, ಮಳೆ, ಆನೆ, ಹಾವು ಬಂದರೆ ಅದು ದೈವದ ಪೆಟ್ಟು, ನಟರ ತಪ್ಪಲ್ಲ. ಕರೆಂಟನ್ನು ಮುನಿ ಅಲ್ಲೇ ಸೇರಿಸುತ್ತಿದ್ದ, ಸಂಶಯವಿಲ್ಲ. ಎದುರಾಳಿಗಳು ಸಗಣಿ, ಹೆಂಟೆ ಎಸೆದರೆ ಅದಕ್ಕೂ ಖಾತೆಯಿದೆ. ತೀರ್ಪುಗಾರರಲ್ಲಿ ವೈಯಾಕರಣಿಯೂ ಉಂಟು, ಬಿಲ್ಲುಗಾರನೂ ಉಂಟು, ವೇಶ್ಯೆಯೂ ಉಂಟು. ಆಯಾ ವಿದ್ಯೆಗೆ ಆಯಾ ಬಲ್ಲವರು. ಒಬ್ಬನೇ ಕೂತು ಸಂಗೀತಕ್ಕೂ ಮೀಸೆಗೂ ಮಾರ್ಕು ಹಾಕುವ ಪದ್ಧತಿ ಆಮೇಲಿನದು. ಇನ್ನು ಆನೆಯ ವಿಷಯ: ಮುನಿ ಕೇಡೆಂದು ಬರೆದ ಆನೆಯನ್ನು ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ದಲ್ಲಿ ತಾವೇ ರಂಗಕ್ಕೆ ನಡೆಸಿಕೊಂಡು ಬಂದರು! ಜನ ಮುಗಿಬಿದ್ದರು.

ವಿಮರ್ಶಕರ ಕಷ್ಟವೂ ಸಣ್ಣದಲ್ಲ ಅನ್ನಿ. ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ' ಆಡುವಾಗ ಬೆಳಗಿನ ಪತ್ರಿಕೆಯ ಸುದ್ದಿ ಸಂಜೆಯ ಸಂಭಾಷಣೆಗೆ ಬಂದುಬಿಡುತ್ತಿತ್ತು. ಇವತ್ತಿನ ಆಟದ ವಿಮರ್ಶೆ ನಾಳೆ ಅಚ್ಚಾಗುವಷ್ಟರಲ್ಲಿ ಹಿರಣ್ಣಯ್ಯ ಬೇರೆ ಮಂತ್ರಿಯನ್ನು ಹಿಡಿದಿರುತ್ತಿದ್ದರು. ಅಂಥ ನಾಟಕದ ಹಿಂದೆ ವಿಮರ್ಶಕ ಎಷ್ಟು ದೂರ ಓಡಿಯಾನು, ಪಾಪ.

ಫ್ರಾನ್ಸಿನ ಮೋಲಿಯೇರ್, ನಮ್ಮ ಎ.ಎನ್. ಮೂರ್ತಿರಾಯರ 'ಆಷಾಢಭೂತಿ'ಯ ಮೂಲಪುರುಷ, ವಿಮರ್ಶಕರ ಕಾಟಕ್ಕೆ ಸರಿಯಾದ ಮದ್ದು ಕಂಡುಹಿಡಿದಿದ್ದ. ತನ್ನ ಹಾಸ್ಯ ನಾಟಕವೊಂದನ್ನು ಕೆಲವರು ಹೀನಾಮಾನ ಜರೆದಾಗ, ಜರೆದವರನ್ನೇ ಪಾತ್ರ ಮಾಡಿ 1663ರಲ್ಲಿ ಇನ್ನೊಂದು ನಾಟಕ ಆಡಿಸಿದ. ನಮ್ಮೂರ ಹುಡುಗರಿಗೆ ಈ ಕಥೆ ಹೇಳಿದ್ದೇನೆ. ಅವರು ಆ ವಿಮರ್ಶೆಯ ಕಟಿಂಗನ್ನು ಜೋಪಾನವಾಗಿ ಎತ್ತಿಟ್ಟಿದ್ದಾರೆ. ಮುಂದಿನ ರಾಜ್ಯೋತ್ಸವಕ್ಕೆ ಅದನ್ನೇ ಒಂದಕ್ಷರ ಬದಲಿಸದೆ, ಜಾರುವ ಮೀಸೆ ಹಚ್ಚಿಕೊಂಡವನ ಕೈಯಲ್ಲಿ ವೇದಿಕೆಯ ಮೇಲೆ ಓದಿಸುತ್ತಾರಂತೆ. ಬನ್ನಿ. ಟಿಕೆಟ್ಟು ಕೊಂಡೇ ಬನ್ನಿ, ವಿಮರ್ಶಕರಿಗೆ ಮಾತ್ರ ಪಾಸು.